ಏಳನೆಯ ಗಂಟು

ಪ್ರಿಂಟರ್ ಕೆಟ್ಟವರು ಹತ್ತು ಗಂಟೆಯ ಮೇಲೆ ಬರುತ್ತಾರೆ. ಪಾಸ್‌ವರ್ಡ್ ಮರೆತವರು ಸಂಜೆ ಬರುತ್ತಾರೆ. ಬೆಳಗ್ಗೆ ಎಂಟಕ್ಕೇ ಬಂದು, ಕಂಪ್ಯೂಟರಿನ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತವರು ಸತ್ತವರ ವಿಡಿಯೊ ತಂದವರು. ಹತ್ತೊಂಬತ್ತು ವರ್ಷದಿಂದ ಈ ಅಂಗಡಿ ನಡೆಸುತ್ತಿದ್ದೇನೆ, ಒಮ್ಮೆಯೂ ನನ್ನ ಊಹೆ ತಪ್ಪಿಲ್ಲ. ತಪ್ಪಲಿ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಆ ಬುಧವಾರ ಇಬ್ಬರಿದ್ದರು. ಒಬ್ಬರು ಮೆಟ್ಟಿಲಿನ ಈ ತುದಿಯಲ್ಲಿ, ಇನ್ನೊಬ್ಬರು ಆ ತುದಿಯಲ್ಲಿ. ಇಬ್ಬರ ಮಡಿಲಲ್ಲೂ ಒಂದೊಂದು ಡಬ್ಬ. ನಡುವೆ ಮೂರನೆಯವರು ಆರಾಮವಾಗಿ ಕೂರುವಷ್ಟು ಜಾಗ ಬಿಟ್ಟಿದ್ದರು. ಹಿಟ್ಟಿನ ಗಿರಣಿ ಹೊನ್ನಮ್ಮನ ಹೆಣ್ಣುಮಕ್ಕಳು ಎಂದು ದೂರದಿಂದಲೇ ಗೊತ್ತಾಯಿತು. ಮಧ್ಯಾಹ್ನದ ಊಟ ಇವತ್ತು ಹೊತ್ತಿಗೆ ಸರಿಯಾಗಿ ಆಗುವುದಿಲ್ಲ ಎಂದುಕೊಂಡು ಬೀಗ ತೆಗೆದೆ.

ಹೊನ್ನಮ್ಮನನ್ನು ಊರಲ್ಲಿ ಅರಿಯದವರಿಲ್ಲ. ಮೂವತ್ತು ವರ್ಷ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದ ಹೆಂಗಸು. ಗಿರಣಿ ಮಾರಿ ಮನೆಯಲ್ಲಿ ಕೂತ ಮೇಲೂ ಆಕೆಗೆ ದನಿ ಇಳಿಸಲು ಬರಲಿಲ್ಲ. ಆ ಮನೆಯ ಸಾರಿಗೆ ಉಪ್ಪು ಕಮ್ಮಿಯಾದರೆ ನಾಲ್ಕು ಬೀದಿಗೆ ಗೊತ್ತಾಗುತ್ತಿತ್ತು. ಹಿರಿಯ ಮಗಳು ಅನಸೂಯ ಅಮ್ಮನ ಜೊತೆಗೇ ಉಳಿದವಳು, ಮದುವೆಯಾಗಲಿಲ್ಲ, ಅಂಚೆ ಕಚೇರಿಯಲ್ಲಿ ಕೆಲಸ. ಅವಳ ಮಾತು ಕೇಳಬೇಕೆಂದರೆ ಕೌಂಟರಿನ ಸರಳಿಗೆ ಕಿವಿ ಇಡಬೇಕು. ಕಿರಿಯವಳು ಸುಲೋಚನ ಹೈಸ್ಕೂಲಿನಲ್ಲಿ ಆಟ ಹೇಳಿಕೊಡುವ ಟೀಚರು. ಅಮ್ಮನ ದನಿ ಪೂರ್ತಿ ಅವಳ ಪಾಲಿಗೇ ಬಂದಿತ್ತು.

ನಮ್ಮೂರಲ್ಲಿ ಸತ್ತವರನ್ನು ವಿಡಿಯೊದಲ್ಲಿ ಏಳು ಸಲ ನೋಡಬಹುದು. ಏಳನೆಯದು ಮುಗಿದ ಮೇಲೆ ಅವರು ಅದರಲ್ಲಿ ಇರುವುದಿಲ್ಲ. ಕೂತ ಕುರ್ಚಿ ಇರುತ್ತದೆ, ಹಿಂದಿನ ಗೋಡೆ ಇರುತ್ತದೆ, ಪಕ್ಕದಲ್ಲಿದ್ದವರು ಯಾರೂ ಇಲ್ಲದ ಕಡೆಗೆ ತಿರುಗಿ ನಗುತ್ತಿರುತ್ತಾರೆ. ಉಟ್ಟ ಬಟ್ಟೆ, ಕೈಯಲ್ಲಿ ಹಿಡಿದದ್ದು, ಆಡಿದ ಮಾತು, ಎಲ್ಲ ಅವರ ಜೊತೆಗೇ ಹೋಗುತ್ತದೆ. ಹತ್ತು ಕಾಪಿ ಮಾಡಿಟ್ಟರೂ ಅಷ್ಟೆ, ಎಲ್ಲ ಸೇರಿ ಏಳೇ. ಅರ್ಧ ನೋಡಿ ನಿಲ್ಲಿಸಿದರೂ ಒಂದು ಹೋದ ಹಾಗೆಯೇ. ಹನ್ನೊಂದನೆಯ ದಿನ ಮನೆಯವರು ಒಂದು ಹತ್ತಿನೂಲಿಗೆ ಏಳು ಗಂಟು ಹಾಕಿ ದೇವರ ಗೂಡಿನಲ್ಲಿ ಇಡುತ್ತಾರೆ, ಪ್ರತಿ ಸಲ ನೋಡಿದ ಮೇಲೆ ಒಂದು ಬಿಚ್ಚುತ್ತಾರೆ. ಕೊನೆಯ ಗಂಟು ಬಿಚ್ಚಿದ ಕೂಡಲೇ ಆ ವಿಡಿಯೊ ಅಳಿಸಬೇಕು. ಖಾಲಿ ಕುರ್ಚಿ ನೋಡಿದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಅಳಿಸಲು ಮನೆಯವರಿಗೆ ಕೈ ಬರುವುದಿಲ್ಲ, ಅದೂ ನನ್ನ ಕೆಲಸವೇ. ನಮ್ಮೂರ ಟಾಕೀಸಿನಲ್ಲಿ ಹಳೆಯ ಸಿನಿಮಾ ಏಳು ಆಟದ ಮೇಲೆ ಓಡಿದ್ದಿಲ್ಲ. ಒಮ್ಮೆ ಮಾಲೀಕ ಹಟಕ್ಕೆ ಬಿದ್ದು ಎಂಟನೆಯ ಆಟ ಹಾಕಿದ. ನಾಯಕಿ ಒಬ್ಬಳೇ ಮರ ಸುತ್ತುತ್ತಿದ್ದಳು, ಜನ ಎದ್ದು ಮನೆಗೆ ಹೋದರು. ಬದುಕಿರುವವರಿಗೆ ಮಾತ್ರ ಗಂಟಿನ ಕಟ್ಟಿಲ್ಲ. ಎಷ್ಟು ಸಲ ಬೇಕಾದರೂ ನೋಡಬಹುದು. ಆದ್ದರಿಂದಲೇ ಯಾರೂ ನೋಡುವುದಿಲ್ಲ.

"ರೇವಕ್ಕ, ನೀವೇ ಹೇಳ್ಬಿಡಿ ಇವತ್ತು," ಎಂದು ಸುಲೋಚನ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದಳು. "ನಮ್ಮನೆ ಕಂಪ್ಯೂಟರಲ್ಲಿ ಅಮ್ಮ ಒಂಥರಾ ಕಾಣ್ತಾಳೆ, ಇವಳ ಕಂಪ್ಯೂಟರಲ್ಲಿ ಒಂಥರಾ. ಎರಡರಲ್ಲಿ ಯಾವ್ದು ನಿಜ?"

"ವಿಡಿಯೊ ಒಂದೇನಾ?"

"ಒಂದೇ. ಅಮ್ಮನದು ಇರೋದೇ ಒಂದು. ಕ್ಯಾಮೆರಾ ಕಂಡ್ರೆ ಎದ್ದು ಹೋಗೋಳು ಅವಳು."

"ಒಂಥರಾ ಅಂದ್ರೆ ಹೆಂಗೆ?"

ಸುಲೋಚನ ಅಕ್ಕನ ಕಡೆ ನೋಡಲಿಲ್ಲ. "ನಮ್ಮನೇಲಿ ಅಮ್ಮನ ಕಣ್ಣು ಹಳದಿ. ಮುಖ ಹಳದಿ. ಉಗುರು ಕೂಡ. ಇವಳ ಮನೇಲಿ ನೋಡಿದ್ರೆ ಕೆಂಪು ಕೆಂಪಾಗಿ ಮದುವಣಗಿತ್ತಿ ಥರ ಇದಾಳೆ."

ಆಮೇಲೆ ಒಂದೊಂದೇ ಹೊರಗೆ ಬಂತು. ಹೊನ್ನಮ್ಮ ಹೋದದ್ದು ಕಾಮಾಲೆಯಲ್ಲಿ. ಆಸ್ಪತ್ರೆಗೆ ಸೇರಿಸಿದಾಗ ಪಿತ್ತಕೋಶ, ಯಕೃತ್ತು ಎಲ್ಲ ಕೈಮೀರಿತ್ತು. ತಿಂಗಳು ಮುಂಚೆ ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಒಂದು ಮಾತು ಹೇಳಿಬಿಟ್ಟರು. ಡಾಕ್ಟರು ಹೇಳಿ ಮುಂದಿನ ರೋಗಿಯ ಬಳಿ ಹೋದರು, ಮಾತು ಇವರಿಬ್ಬರ ನಡುವೆ ಉಳಿಯಿತು. ವಿಡಿಯೊ ತೆಗೆದದ್ದು ಹೊನ್ನಮ್ಮ ಸಾಯುವುದಕ್ಕೆ ಸರಿಯಾಗಿ ನಲವತ್ತು ದಿನ ಮೊದಲು. ಮೊದಲ ಮೂರು ಗಂಟನ್ನು ಅಕ್ಕನ ಮನೆಯಲ್ಲಿ ಎಲ್ಲರೂ ಕೂತು ಬಿಚ್ಚಿದರು. ಅಮ್ಮ ಗುಂಡುಕಲ್ಲಿನ ಹಾಗೆ ಕಂಡಳು, ಎಲ್ಲರೂ ಅತ್ತರು. ನಾಲ್ಕನೆಯದಕ್ಕೆ ಸುಲೋಚನ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತನ್ನ ಮನೆಗೆ ಒಯ್ದಳು. ಅಲ್ಲಿ ಅಮ್ಮ ಹಳದಿಯಾಗಿದ್ದಳು. ಐದನೆಯದನ್ನು, ಆರನೆಯದನ್ನು ಯಾರಿಗೂ ಹೇಳದೆ ಒಬ್ಬಳೇ ನೋಡಿದಳು, ಪರದೆಗೆ ಮುಖವಿಟ್ಟು, ಅಮ್ಮನ ಕಣ್ಣು ಮಾತ್ರ. ಆಮೇಲೆ ಅಕ್ಕನ ಮನೆಗೆ ಹೋಗಿ ಕೇಳಿದಳು: ಜೊತೆಗೇ ಇದ್ದೋಳಿಗೆ ಇದು ಕಾಣಲಿಲ್ಲವಾ? ಅವತ್ತಿನಿಂದ ಎಂಟು ತಿಂಗಳು ಇಬ್ಬರೂ ಒಂದು ಲೋಟ ನೀರಿನ ಬಳಕೆಯನ್ನೂ ಬಿಟ್ಟಿದ್ದರು.

"ಎರಡು ಗಂಟು," ಎಂದಳು ಅನಸೂಯ. ನನಗೆ ಕೇಳಿಸಲಿಲ್ಲ. ಅವಳು ಮತ್ತೆ ಹೇಳಿದಳು. "ಎರಡು ಗಂಟು ಅವಳೊಬ್ಬಳೇ ಬಿಚ್ಚಿದಳು. ಅಮ್ಮನ್ನ ನೋಡೋಕಲ್ಲ. ನನ್ನ ಹಿಡಿಯೋಕೆ."

ಸೆರಗಿನ ಗಂಟಿನಿಂದ ನೂಲು ತೆಗೆದು ಮೇಜಿನ ಮೇಲೆ ಇಟ್ಟಳು. ಗಂಟಿದ್ದ ಕಡೆಯೆಲ್ಲ ನೂಲು ಸೊಟ್ಟಗಾಗಿತ್ತು. ತುದಿಯಲ್ಲಿ ಒಂದೇ ಒಂದು ಉಳಿದಿತ್ತು.

"ಈಗ ನಿಮ್ಮೆದುರಿಗೇ ಎರಡರಲ್ಲೂ ಹಾಕಿ ನೋಡ್ಬಿಡಿ," ಎಂದಳು ಸುಲೋಚನ.

"ಎರಡರಲ್ಲಿ ಹಾಕೋಕೆ ಎರಡು ಗಂಟು ಎಲ್ಲಿದೆಯಮ್ಮ? ಇರೋದು ಒಂದು. ಅದನ್ನ ನಾನು ಪರೀಕ್ಷೆಗೆ ಮುಟ್ಟಲ್ಲ."

ಈ ಮಾತನ್ನು ನಾನು ದಿನಕ್ಕೆ ಮೂರು ಸಲ ಹೇಳುತ್ತೇನೆ. ಹೇಳಿ ಹೇಳಿ ಸಾಕಾಗಿದೆ. ಈ ಪಾಠ ನನಗೆ ಯಾರೂ ಕಲಿಸಿದ್ದಲ್ಲ. ಈ ಅಂಗಡಿ ನಮ್ಮ ಯಜಮಾನರದ್ದು. ಅವರು ಹೋದ ಮೇಲೆ ಆರು ಗಂಟನ್ನು ಎರಡೇ ತಿಂಗಳಲ್ಲಿ ಬಿಚ್ಚಿದೆ, ಏಳನೆಯದನ್ನು ನಾಲ್ಕು ವರ್ಷ ಕಾಪಾಡಿದೆ. ಕೊನೆಯ ಸಲ ಚೆನ್ನಾಗಿ ಕಾಣಲಿ ಎಂದು ಹೊಸ ಪ್ಲೇಯರ್ ಇಳಿಸಿಕೊಂಡೆ. ಅದಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ಹೊಂದಾಣಿಕೆಯಿಲ್ಲ, ಪರದೆ ಪೂರ್ತಿ ಕಪ್ಪು, ದನಿ ಮಾತ್ರ. ನಾನು ಮೌಸ್ ಹಿಡಿದು ಸೆಟ್ಟಿಂಗಿನಿಂದ ಸೆಟ್ಟಿಂಗಿಗೆ ಓಡುತ್ತಿದ್ದ ಹಾಗೆ ನಾಲ್ಕು ನಿಮಿಷ ಮುಗಿದುಹೋಯಿತು. "ರೇವಾ, ಆ ಸಣ್ಣ ಸ್ಕ್ರೂಡ್ರೈವರ್ ಎಲ್ಲಿಟ್ಟೆ?" ಎಂದು ಅವರು ಕತ್ತಲೊಳಗಿಂದ ಕೇಳುತ್ತಿದ್ದರು. ಅವಸರದಲ್ಲಿ ನಾನು ಅದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ನೆನಪಿರುವುದು ಆ ಸೆಟ್ಟಿಂಗಿನ ಹೆಸರು.

ಎರಡು ಕಂಪ್ಯೂಟರನ್ನೂ ನನ್ನ ಎರಡು ಪರದೆಗೆ ಜೋಡಿಸಿದೆ. ಒಂದೇ ವಿಡಿಯೊ ಎರಡು ಕಡೆ ಎರಡು ಥರ ಕಾಣುವುದು ಹೊಸ ಸಂಗತಿಯಲ್ಲ. ವಿಡಿಯೊದಲ್ಲಿ ಇರುವುದು ಬಣ್ಣವಲ್ಲ, ಬಣ್ಣದ ಅಂಕಿಗಳು. ಅವನ್ನು ಓದಿ ಬಣ್ಣ ಹಚ್ಚುವುದು ಪ್ಲೇಯರ್, ಅದು ಹಚ್ಚಿದ್ದರ ಮೇಲೆ ಇನ್ನೊಂದು ಕೈ ಬಳಿಯುವುದು ಗ್ರಾಫಿಕ್ಸ್ ಕಾರ್ಡು. ಮನೆಗೊಂದು ಸಾರಿನ ಪುಡಿ ಇದ್ದ ಹಾಗೆ. ಇದನ್ನು ಸತ್ತವರ ಮನೆಯವರಿಗೆ ಹೇಳಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ನಿಜವಾದ ಮುಖ, ಅದು ಯಾವ ಮೆನುವಿನಲ್ಲೂ ಇಲ್ಲ.

"ವಿಡಿಯೊ ತೆಗೆದ ಕ್ಯಾಮೆರಾ ಇದೆಯಾ?" ಎಂದು ಕೇಳಿದೆ.

ಇದೆ ಎಂದು ಅನಸೂಯ ತಲೆಯಾಡಿಸಿದಳು.

"ಅಮ್ಮ ಅವತ್ತು ಉಟ್ಟಿದ್ದ ಸೀರೆ?"

"ಟ್ರಂಕಲ್ಲಿದೆ. ಬದನೆಕಾಯಿ ಬಣ್ಣದ್ದು."

"ನಾಳೆ ನಾನೇ ಬರ್ತೀನಿ. ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಸೀರೆ ಉಟ್ಕೊಂಡು ನೀವು ಕೂತ್ಕೊಳ್ಳಿ. ನಿಮ್ಮನ್ನ ತೆಗೆದು ಎರಡರಲ್ಲೂ ಹಾಕೋಣ. ಸೀರೆ ಕೈಯಲ್ಲೇ ಇರುತ್ತೆ, ನೀವೂ ಎದುರಿಗೇ ಇರ್ತೀರ. ಯಾವ ಪೆಟ್ಟಿಗೆ ಎಷ್ಟು ಸುಳ್ಳು ಹೇಳುತ್ತೆ ಅಂತ ಗೊತ್ತಾಗುತ್ತೆ."

"ಅಮ್ಮನ ಸೀರೆ ಇವಳು ಉಡೋದಾ?" ಎಂದಳು ಸುಲೋಚನ.

"ಹಂಗಾದ್ರೆ ನೀನೇ ಉಡು."

ಅಮ್ಮನ ಅಳತೆಗೆ ಅಕ್ಕನೇ ಸರಿ ಎಂದು ಅವಳಿಗೂ ಗೊತ್ತಿತ್ತು.

ಮಾರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಅನಸೂಯಳ ಮನೆಗೆ ಹೋದೆ. ಮೊಣಕಾಲು ನೋವು, ಆ ಬೀದಿಯ ಏರು ಬೇರೆ. ನಡುಮನೆಯಲ್ಲಿ ಕಿಟಕಿಯ ಪಕ್ಕ ಬೆತ್ತದ ಕುರ್ಚಿ, ಹಿಂದೆ ಗೋಡೆ, ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು ಹಾಗೆಯೇ ತೂಗುತ್ತಿತ್ತು. ಕ್ಯಾಮೆರಾ ಎಲ್ಲಿಟ್ಟಿದ್ದಿರಿ ಎಂದು ಕೇಳಿದೆ. ಅನಸೂಯ ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬ ತೋರಿಸಿದಳು.

"ಅಮ್ಮಂಗೆ ಗೊತ್ತಾಗದ ಹಂಗೆ ಇದರ ಮೇಲೆ ಇಟ್ಟು ಆನ್ ಮಾಡಿ ಅಡುಗೆಮನೆಗೆ ಹೋದೆ. ಅವಳು ಅವರೆಕಾಯಿ ಸುಲೀತಾ ಕೂತಿದ್ಲು. ನಾನು ಒಳಗೆ ಒಗ್ಗರಣೆ ಹಾಕ್ತಿದ್ದೆ. ಅವಳು ಇಲ್ಲಿಂದಲೇ ಕೂಗಿ ಕೂಗಿ ಮಾತಾಡೋಳಲ್ಲ, ಬರ್ಲಿ ದನಿ ಅಂತ."

ಕೋಣೆಯೊಳಗೆ ಹೋಗಿ ಸೀರೆ ಉಟ್ಟು ಬಂದಳು. ಸುಲೋಚನ ಹೊಸ್ತಿಲಲ್ಲಿ ನಿಂತಿದ್ದಳು, ಎಂಟು ತಿಂಗಳ ಮೇಲೆ ಆ ಮನೆಗೆ ಬಂದವಳು. ಅಕ್ಕನನ್ನು ಆ ಸೀರೆಯಲ್ಲಿ ನೋಡಿ ಮುಖ ಬೀದಿಯ ಕಡೆ ತಿರುಗಿಸಿದಳು. ಅನಸೂಯ ಕುರ್ಚಿಯ ತುದಿಯಲ್ಲಿ, ಬೇರೆಯವರ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಕೂತಳು. ಆರು ನಿಮಿಷ ತೆಗೆದೆ. ಅವಳು ಒಂದು ಮಾತೂ ಆಡಲಿಲ್ಲ.

ಅವಳು ಸೀರೆ ಬದಲಿಸಿ ಅದನ್ನು ಕೈಯಲ್ಲಿ ಹಿಡಿದು ಬಂದಳು. ಮೂವರೂ ಅಂಗಡಿಗೆ ಬಂದ ಮೇಲೆ ಮೊದಲು ಅಕ್ಕನ ಕಂಪ್ಯೂಟರಿನಲ್ಲಿ ಹಾಕಿದೆ. ಅದರ ಪ್ಲೇಯರ್ ಕಂಪ್ಯೂಟರಿನ ಜೊತೆಗೇ ಬಂದದ್ದು, ಯಾರೂ ಮುಟ್ಟಿಲ್ಲ. ಆದರೆ ಅದರ ಗ್ರಾಫಿಕ್ಸ್ ಕಾರ್ಡಿನಲ್ಲಿ ಬಣ್ಣ ತುಂಬುವ ಸೆಟ್ಟಿಂಗ್ ತಾನಾಗಿ ಆನ್ ಆಗಿತ್ತು. ಅದಕ್ಕೆ ಮುಖ ಎಂದರೆ ಕೆಂಪಗಿರಬೇಕು ಅಷ್ಟೆ. ಐವತ್ತು ದಾಟಿದ, ರಕ್ತ ಕಮ್ಮಿಯಿರುವ ಅನಸೂಯ ಪರದೆಯ ಮೇಲೆ ಸೇಬಿನ ಹಾಗೆ ಕೂತಿದ್ದಳು. ಕೈಯಲ್ಲಿದ್ದ ಸೀರೆ ಮಾಸಿದ ಬದನೆಕಾಯಿ ಬಣ್ಣ, ಪರದೆಯಲ್ಲಿ ಅದು ಹೊಸ ರೇಷ್ಮೆ.

ಆಮೇಲೆ ತಂಗಿಯದು. ಅವಳ ಗಂಡ ಜಯಣ್ಣ ಇಂಟರ್ನೆಟ್ಟಿನಿಂದ ಇಳಿಸಿದ ಪ್ಲೇಯರ್ ಅದು. ಹಾಕಿದ ಕೂಡಲೇ ಮೂವರೂ ಸ್ವಲ್ಪ ಹಿಂದೆ ಸರಿದೆವು. ಪರದೆಯ ಮೇಲೆ ಅನಸೂಯಳ ಮುಖ ಹಳದಿ, ಕಣ್ಣಿನ ಬಿಳಿ ಭಾಗ ಹಳದಿ, ಮಡಿಲಲ್ಲಿಟ್ಟ ಕೈಯ ಉಗುರೂ ಹಳದಿ. ಪಕ್ಕದಲ್ಲೇ ನಿಂತ ಅನಸೂಯಳನ್ನು ಸುಲೋಚನ ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಅಕ್ಕನನ್ನು ನೋಡಿದಳು. ಅಕ್ಕನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಕಾಮಾಲೆ ಆದದ್ದು ಆ ಪೆಟ್ಟಿಗೆಗೆ.

ಪ್ಲೇಯರಿನ ಒಳಗೆ ಹೋಗಿ ನೋಡಿದರೆ ಬಣ್ಣ ತಿರುಗಿಸುವ ಗುಂಡಿಯನ್ನು ಯಾರೋ ಹಸಿರಿನ ಕಡೆಗೆ ಜರುಗಿಸಿದ್ದರು.

"ಇದನ್ನ ಯಾರು ಮುಟ್ಟಿದ್ದು?" ಎಂದೆ.

"ನಮ್ಮನೆಯವರು," ಎಂದಳು ಸುಲೋಚನ. "ಹಳೇ ಕ್ರಿಕೆಟ್ ಮ್ಯಾಚ್ ಹಾಕ್ಕೊಂಡು ನೋಡ್ತಿದ್ರು. ಮೈದಾನ ಒಣಗಿದ ಹಂಗೆ ಕಾಣುತ್ತೆ, ಹಸಿರು ಸಾಲದು ಅಂತ ಏನೋ ಮಾಡಿದ್ರು."

ಹುಲ್ಲು ಹಸಿರಾಗಲೆಂದು ತಿರುಗಿಸಿದ ಒಂದು ಗುಂಡಿಯಿಂದ ಎಂಟು ತಿಂಗಳು ಹೋಗಿದ್ದವು. ಇಂಥದ್ದನ್ನು ನಾನು ಬಹಳ ನೋಡಿದ್ದೇನೆ. ನಗು ಬರುವುದು ನಿಂತು ಬಹಳ ಕಾಲವಾಯಿತು.

ಮೂರನೆಯದು ನನ್ನ ಅಂಗಡಿಯ ಕಂಪ್ಯೂಟರು. ಅದರಲ್ಲಿ ಬಣ್ಣ ತುಂಬುವುದೆಲ್ಲ ಆಫ್ ಮಾಡಿ, ಹಳೆಯ ಕ್ಯಾಮೆರಾಗಳ ಅಂಕಿಯನ್ನು ಹಳೆಯ ರೀತಿಯಲ್ಲೇ ಓದುವ ಪ್ಲೇಯರ್ ಇಟ್ಟುಕೊಂಡಿದ್ದೇನೆ. ಅನಸೂಯಳ ವಿಡಿಯೊವನ್ನು ಅದಕ್ಕೆ ಹಾಕಿದೆ. ಹೊಂದಿಸುತ್ತಿರುವಾಗ ಮತ್ತೆ ಮತ್ತೆ ಒತ್ತುವ ಕೆಲಸ ಬೇಡವೆಂದು ರಿಪೀಟ್ ಆನ್ ಮಾಡಿದೆ. ಪರದೆಯ ಪಕ್ಕ ಸೀರೆಯ ಸೆರಗು ಹಿಡಿದು, ಅನಸೂಯಳ ಕೈ ಹಿಡಿದು, ಒಂದೊಂದೇ ಕೂದಲೆಳೆಯಷ್ಟು ಜರುಗಿಸುತ್ತ ಒಂದು ಗಂಟೆ ಕೂತೆ. ಸ್ಪೀಕರಿನ ದನಿಯನ್ನೂ ಪೂರ್ತಿ ಏರಿಸಿ ನೋಡಿದೆ. ಕಿಟಕಿಯಾಚೆಯ ಸೈಕಲ್ ಬೆಲ್ಲು, ಅನಸೂಯಳ ಉಸಿರು ಕೂಡ ಕೇಳಿಸಿತು. ಕೊನೆಗೆ ಪರದೆಯ ಸೀರೆ ಎಲ್ಲಿ ಮುಗಿಯುತ್ತದೆ, ಕೈಯ ಸೀರೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದ ಹಾಗಾಯಿತು.

"ಆಯ್ತು," ಎಂದೆ. "ಇದರಲ್ಲಿ ಹಾಕಿದ್ರೆ ನಿಮ್ಮಮ್ಮ ಅವತ್ತು ಹೆಂಗಿದ್ರೋ ಹಂಗೇ ಕಾಣ್ತಾರೆ. ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಸುಲೋಚನ ಸ್ಟೂಲಿನ ಮೇಲೆ ಕೂತಿದ್ದಳು. ಮೈದಾನದಲ್ಲಿ ಇನ್ನೂರು ಮಕ್ಕಳನ್ನು ಒಂದು ಸೀಟಿಯಲ್ಲಿ ನಿಲ್ಲಿಸುವವಳು ಈಗ ಮಾತಿಗೆ ತಡಕಾಡುತ್ತಿದ್ದಳು. "ಅಕ್ಕ," ಎಂದಳು. "ತಪ್ಪು ನಂದು. ಆ ದರಿದ್ರ ಪೆಟ್ಟಿಗೆ ನಂಬ್ಕೊಂಡು ನಿನ್ನ ಮೇಲೆ... ಅದರಲ್ಲಿ ನೀನೂ ಹಳದಿ ಕಾಣ್ತಿದ್ದೀಯ. ಅಮ್ಮನ ಕಣ್ಣು ಅವತ್ತು ಸರಿಯಾಗೇ ಇತ್ತು. ಅಲ್ವಾ?"

ಅನಸೂಯ ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೌದು ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಊಟದ ಹೊತ್ತು ಮೀರಿತ್ತು, ನನಗೂ ವಯಸ್ಸಾಯಿತು. ಅವಳು ಮೇಜಿನ ಮೇಲಿದ್ದ ಸೀರೆಯನ್ನು ಮಡಿಸತೊಡಗಿದಳು. ಮಡಿಸಿ ಮುಗಿಯುವವರೆಗೆ ತಲೆ ಎತ್ತಲಿಲ್ಲ.

"ಇರ್ಲಿಲ್ಲ," ಎಂದಳು.

"ಏನು?"

"ಸರಿ ಇರ್ಲಿಲ್ಲ. ಹಳದಿ ಆಗಿತ್ತು. ನಿನ್ನ ಕಂಪ್ಯೂಟರಲ್ಲಿ ಕಾಣೋ ಅಷ್ಟಲ್ಲ, ಆದ್ರೆ ಆಗಿತ್ತು. ಅವತ್ತೇ ಬೆಳಿಗ್ಗೆ ತಲೆ ಬಾಚುವಾಗ ನೋಡಿದೆ. ಅದಕ್ಕೇ ಕಣೇ ವಿಡಿಯೊ ತೆಗೆದದ್ದು. ಎದೆ ಢವ ಢವ ಅಂತಿತ್ತು, ಎಲ್ಲಿ ಹೋಗ್ಬಿಡ್ತಾಳೋ ಅಂತ." ಅವಳ ದನಿ ಇನ್ನೂ ಇಳಿಯಿತು. ನಾನೂ ಸುಲೋಚನಳೂ ಮುಂದಕ್ಕೆ ಬಾಗಿದೆವು. "ವಿಡಿಯೊ ತೆಗೆದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ. ಬಾಯಿ ಬಿಡ್ಲೇ ಇಲ್ಲ ನಾನು. ಅಮ್ಮನ ಎದುರು ಯಾವತ್ತು ಬಾಯಿ ಬಿಟ್ಟಿದ್ದೀನಿ? ಇಪ್ಪತ್ತು ದಿನ ಸುಮ್ನೇ ಇದ್ದೆ. ನನ್ನ ಕಂಪ್ಯೂಟರಲ್ಲಿ ಅವಳು ಕೆಂಪಗೆ ಕಂಡಾಗ, ನೋಡು, ನಾನೇ ತಪ್ಪು ನೋಡಿದ್ದೆ, ಚೆನ್ನಾಗೇ ಇದ್ಲು ಅಂತ ಅಂದ್ಕೊಂಡು ಬದುಕಿದ್ದೆ. ನೀನು ಹಳದಿ ಅಂದೆ. ನೀನು ಹೇಳಿದ್ದೇ ಸರಿ."

ಸುಲೋಚನ ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎರಡೂ ಕೈಯಿಂದ ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ನೆಲ ನೋಡುತ್ತ ಕೂತಳು. ಎಂಟು ತಿಂಗಳು ಯಾವ ಮಾತು ಹೊರಡಿಸಬೇಕೆಂದು ಹಟ ಹಿಡಿದಿದ್ದಳೋ ಆ ಮಾತು ಬಂದಿತ್ತು. ಬಂದ ಮೇಲೆ ಅದನ್ನು ಇಟ್ಟುಕೊಳ್ಳುವುದು ಎಲ್ಲಿ ಎಂದು ಅವಳಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ತಂಗಿಯನ್ನು ನೋಡಿ ಅಯ್ಯೋ ಅನ್ನಿಸಿತು.

"ಹಾಕ್ಲಾ?" ಎಂದು ಕೇಳಿದೆ. "ಇಲ್ಲ ಇನ್ನೊಂದು ದಿನ ಬರ್ತೀರಾ?"

"ಹಾಕಿ," ಎಂದಳು ಅನಸೂಯ. "ಇನ್ನು ಹುಡುಕೋದು ಏನೂ ಇಲ್ಲ. ಅಮ್ಮನ್ನ ಸುಮ್ನೆ ನೋಡೋಣ."

ಹೊರಗಿನವರು ಸತ್ತವರ ವಿಡಿಯೊ ನೋಡಬಾರದು. ಒತ್ತಬೇಕಾದವರು ಒತ್ತಿ, ಬೆನ್ನು ತಿರುಗಿಸಿ ನಿಲ್ಲಬೇಕು. ನಾನು ಒತ್ತಿ, ತಿರುಗಿ, ಎದುರು ಗೋಡೆಯ ಕೇಬಲ್ಲುಗಳನ್ನು ನೋಡುತ್ತ ನಿಂತೆ. ಹೊನ್ನಮ್ಮನ ದನಿ ಅಂಗಡಿಯ ಗಾಜಿನ ಬೀರುವನ್ನು ನಡುಗಿಸಿತು. ಗಿರಣಿಯನ್ನು ಕೊಂಡವನು ಬೆಲ್ಟಿಗೆ ಎಣ್ಣೆ ಹಾಕುವುದಿಲ್ಲ ಎಂದು ಬೈದಳು. ಎದುರುಮನೆಯವಳು ಒಂದು ಪಾವು ರಾಗಿ ಹಿಟ್ಟು ಇಸಿದುಕೊಂಡು ಹೋದವಳು ಈ ಕಡೆ ತಲೆ ಹಾಕಿಲ್ಲ ಎಂದಳು. ಅವರೆಕಾಯಲ್ಲಿ ಸೊಗಡೇ ಇಲ್ಲ ಈ ಸಲ ಎಂದಳು. ನಡುನಡುವೆ, "ಅದೆಲ್ಲ ಏನೂ ಬ್ಯಾಡ, ಸುಮ್ನಿರೇ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಈ ಅವರೆಕಾಯಿ ಕಾಲ ಮುಗೀಲಿ, ಆಮೇಲೆ ನೋಡಾಣ," ಎಂದಳು. "ನೀನೊಬ್ಳು, ಶುರು ಹಚ್ಕಂಡ್ರೆ ಬಿಡಾದೇ ಇಲ್ಲ," ಎಂದು ನಕ್ಕಳು. ಸುಲೋಚನ ಬಿಕ್ಕುವುದು ಕೇಳಿಸಿತು. ಕಣ್ಣಿನ ಬಣ್ಣದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಆರು ನಿಮಿಷ ಮುಗಿಯಿತು. ನೂಲಿನ ಗಂಟನ್ನು ಉಗುರಿನಿಂದ ಬಿಡಿಸುವ ಸಣ್ಣ ಸದ್ದು. ಇನ್ನು ನಾನು ತಿರುಗಿ ಅಳಿಸಬೇಕು. ತಿರುಗಿದೆ. ಆಗ ಗೊತ್ತಾಯಿತು, ರಿಪೀಟ್ ತೆಗೆಯುವುದನ್ನು ಮರೆತಿದ್ದೆ.

ವಿಡಿಯೊ ಮತ್ತೆ ಶುರುವಾಗಿತ್ತು. ಬೆತ್ತದ ಕುರ್ಚಿ, ಕ್ಯಾಲೆಂಡರು, ನೆಲದ ಮೇಲೆ ಅವರೆಕಾಯಿ ತುಂಬಿದ ಪುಟ್ಟಿ. ಕುರ್ಚಿಯಲ್ಲಿ ಯಾರೂ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಎರಡನೆಯ ಸಲ ನಾನು ಒಂದು ಸೆಟ್ಟಿಂಗಿನಿಂದ ಕೆಟ್ಟೆ. "ನೋ‌ಡ್ಬೇಡಿ, ನೋಡ್ಬೇಡಿ," ಎನ್ನುತ್ತ ಮೌಸಿಗೆ ಕೈ ಹಾಕಿದೆ.

ಸುಲೋಚನ ನನ್ನ ಮಣಿಕಟ್ಟು ಹಿಡಿದಳು. ಆಟ ಕಲಿಸುವವಳ ಹಿಡಿತ, ನೋವಾಯಿತು.

"ಶ್," ಎಂದಳು.

ಹೊನ್ನಮ್ಮನ ದನಿ ಇಲ್ಲದ ಆ ಮನೆಯಲ್ಲಿ ಸಾಸಿವೆ ಸಿಡಿಯುವುದು ಕೇಳಿಸಿತು. ಪಾತ್ರೆಯ ಮುಚ್ಚಳ ಇಟ್ಟದ್ದು ಕೇಳಿಸಿತು. ಆಮೇಲೆ, ಬಹಳ ಒಳಗಿನಿಂದ, ಒಂದು ಸಣ್ಣ ದನಿ.

"ಅಮ್ಮ, ನಿನ್ನ ಕಣ್ಣು ಯಾಕೋ ಹಳದಿ ಕಾಣ್ತಿದೆ. ಆಸ್ಪತ್ರೆಗೆ ಹೋಗಿ ಬರೋಣ."

ಸೌಟಿನ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆ ಖಾಲಿ ಜಾಗದಲ್ಲಿ ಏನಿತ್ತು ಎಂದು ಮೂವರಿಗೂ ಗೊತ್ತಿತ್ತು. ಈಗ ತಾನೇ ಕೇಳಿದ್ದೆವು.

"ಬೇಡ ಅನ್ಬೇಡಮ್ಮ. ನಾಳೆ ನಾನು ರಜ ಹಾಕ್ತೀನಿ. ಆಟೋದಲ್ಲಿ ಹೋಗಿ ಆಟೋದಲ್ಲಿ ಬರೋದು."

ಮತ್ತೆ ಮೌನ. ಯಾರೋ ನೀರು ಬಗ್ಗಿಸಿದರು.

"ಒಂದೇ ಒಂದ್ ಸಲ ಅಮ್ಮ. ನಂಗೆ ಹೆದರಿಕೆ ಆಗುತ್ತೆ."

ಮೌನ. ಅದು ಹೊನ್ನಮ್ಮ ನಕ್ಕ ಜಾಗ. ಆಮೇಲೆ ಆ ದನಿ, "ಆಯ್ತು ಬಿಡು," ಎಂದಿತು. ಒಲೆ ಆರಿಸಿದ್ದು ಕೇಳಿಸಿತು.

ಅನಸೂಯ ಪರದೆಯ ಹತ್ತಿರಕ್ಕೆ ಬಂದಿದ್ದಳು. ಕೈಯಲ್ಲಿ ಗಂಟಿಲ್ಲದ ನೂಲು. "ಯಾರದು?" ಎಂದಳು.

"ನೀನೇ ಕಣೇ," ಎಂದಳು ಸುಲೋಚನ.

"ನಾನಾ? ನಾನು ಹೇಳಿದ್ನಾ?"

"ಮೂರು ಸಲ ಹೇಳಿದ್ದೀಯಲ್ಲೇ ಅಕ್ಕ. ಮೂರು ಸಲ. ಏಳು ಗಂಟು ಬಿಚ್ಚಿದ್ರೂ ನಮ್ಮಲ್ಲೊಬ್ರಿಗೂ ಕೇಳಿಸ್ಲಿಲ್ಲವಲ್ಲೇ."

"ನಂಗೆ ನೆನಪೇ ಇಲ್ಲ," ಎಂದಳು ಅನಸೂಯ. "ನಾನು ಹೇಳಿದ್ದು ಆ ಮನೇಲಿ ಯಾವತ್ತೂ ಯಾರಿಗೂ ಕೇಳಿಸ್ತಿರ್ಲಿಲ್ಲ. ಹೇಳಿದ್ನೋ, ಬರೀ ಅಂದ್ಕೊಂಡ್ನೋ, ನಂಗೇ ಗೊತ್ತಾಗ್ತಿರ್ಲಿಲ್ಲ." ಅಷ್ಟು ಹೇಳಿ ನೆಲದ ಮೇಲೆ, ಕೇಬಲ್ಲುಗಳ ನಡುವೆಯೇ ಕೂತುಬಿಟ್ಟಳು. ತಂಗಿ ಸ್ಟೂಲು ಬಿಟ್ಟು ಅವಳ ಪಕ್ಕದಲ್ಲಿ ಕೂತಳು. ಈ ಸಲ ನಡುವೆ ಜಾಗ ಬಿಡಲಿಲ್ಲ.

ನಾನು ಕೊನೆಗೂ ರಿಪೀಟ್ ಆಫ್ ಮಾಡಿದೆ. ವಿಡಿಯೊ ನಿಂತಿತು. ಇನ್ನು ಅಳಿಸಬೇಕು. ಬೆರಳನ್ನು ಆ ಕೀಲಿಯ ಮೇಲೆ ಇಟ್ಟುಕೊಂಡು ಅವರ ಕಡೆ ನೋಡಿದೆ, ಎಲ್ಲರನ್ನೂ ನೋಡುವ ಹಾಗೆ.

"ಅಳಿಸ್ಬೇಡಿ ರೇವಕ್ಕ," ಎಂದಳು ಸುಲೋಚನ. "ಇನ್ನೊಂದ್ ಸಲ ಹಾಕಿ."

"ಗಂಟು ಮುಗೀತಲ್ಲಮ್ಮ. ಖಾಲಿ ಕುರ್ಚಿ ನೋಡೋದು ಒಳ್ಳೇದಲ್ಲ ಅಂತಾರೆ."

"ಅಮ್ಮಂದು ಮುಗೀತು," ಎಂದಳು ಅವಳು. ಅಕ್ಕನ ಕೈಯಿಂದ ಬರಿನೂಲು ತೆಗೆದುಕೊಂಡು ತನ್ನ ಬೆರಳಿಗೆ ಸುತ್ತಿದಳು. "ಇದು ನಮ್ಮಕ್ಕನ ವಿಡಿಯೊ. ಅವಳು ಬದುಕಿದಾಳೆ. ಎಷ್ಟು ಸಲ ಬೇಕಾದ್ರೂ ಹಾಕ್ಬೋದು."

ಮತ್ತೆ ಹಾಕಿದೆ. ಬದುಕಿರುವವರ ವಿಡಿಯೊಗೆ ಬೆನ್ನು ತಿರುಗಿಸಬೇಕೆಂಬ ಪದ್ಧತಿ ನಮ್ಮೂರಲ್ಲಿಲ್ಲ. ಖಾಲಿಯಾದ ಸ್ಟೂಲು ಎಳೆದುಕೊಂಡು ನಾನೂ ಕೂತೆ.